ಮುಂಬೀದಿಯ ಓಟ

ಬೂಟಿನ ದಾರ ಕಟ್ಟೋಕೆ ಅಂತ ಸನವ್ಬರ ಜಗಲಿ ಮೇಲೆ ಬಗ್ಗಿದಾಗ ಅವಳ ಮಂಡಿ ಲಟಕ್ ಅಂದ ಸದ್ದು ಇಡೀ ಖುಜಂದ್ ಊರಿಗೇ ಕೇಳಿಸ್ತೇನೋ ಅನ್ನಿಸ್ತು. ನದಿಯಾಚೆ ಬೋಳು ಬೆಟ್ಟಕ್ಕೂ ಕೇಳಿಸಿರಬೇಕು, ಅದೂ ಬೆಚ್ಚಿಬಿದ್ದು ಕೆಂಪಗಾಗೋಕೆ ಶುರುವಾಗಿತ್ತು. ಒಳಗೆ ಅಮ್ಮ ಮಗ್ಗಲು ಬದಲಾಯಿಸಿದ್ರು. ತಮ್ಮ ಹಾಶಿಮ್ ಆಗಲೇ ಬೆಳಗಿನ ನಮಾಜಿಗೆ ಹೋಗಿಯಾಗಿತ್ತು, ಆದರೂ ಅವನು ರಾತ್ರಿ ಊಟದ ಹೊತ್ತಲ್ಲಿ ಆಡಿದ ಮಾತು ಅಂಗಳದ ಮಧ್ಯೆ ಕಾಲು ಚಾಚ್ಕೊಂಡು ಕೂತೇ ಇತ್ತು, ಎದ್ದು ಹೋಗೋ ಲಕ್ಷಣವೇ ಇರಲಿಲ್ಲ. "ಅಕ್ಕ, ಇರು. ಅಮ್ಮ ಇರೋವರೆಗೂ ಇರು, ಆಮೇಲೂ ಇರು, ನಿಂದೇ ಮನೆ. ಆದ್ರೆ ಆ ಓಟಗೀಟ ಎಲ್ಲ ದುಶಂಬೆಲೇ ಬಿಟ್ಬಿಡು. ಅರವತ್ತು ದಾಟಿದ ವಿಧವೆ ಬೂಟು ಹಾಕ್ಕೊಂಡು ಬೀದೀಲಿ ಓಡಿದ್ಲು ಅಂದ್ರೆ ನಾನು ಪೇಟೇಲಿ ಯಾವ ಮುಖ ಇಟ್ಕೊಂಡು ಹಾಸಿಗೆ ಮಾರ್ಲಿ? ಓಡಿದ ದಿನ ಮಧ್ಯಾಹ್ನವೇ ವಾಪಸ್ ಟ್ಯಾಕ್ಸಿ. ಪೆಟ್ಟಿಗೆ ನಾನೇ ಹೊರ್ತೀನಿ." ಬಾಯಿ ತುಂಬ ರೊಟ್ಟಿ ಇಟ್ಕೊಂಡೇ ಹೇಳಿದ್ದ. ಅವನು ಚಿಕ್ಕೋನಿದ್ದಾಗ ಆ ಬಾಯಿಗೆ ರೊಟ್ಟಿ ನೆನೆಸಿ ನೆನೆಸಿ ಹಾಕಿದ್ದು ಇವಳೇ; ಅವನನ್ನ ಎತ್ತಿ ಎತ್ತಿ ಇವಳ ಎಡಗಡೆ ಸೊಂಟ ಇವತ್ತಿಗೂ ಬಲಗಡೆಗಿಂತ ಒಂದು ಮೊಳ ಕೆಳಗಿದೆ. ಅವಳು ಏನೂ ಅನ್ನಲಿಲ್ಲ. ಸುಮ್ಮನಿದ್ದದ್ದನ್ನ ಅವನು ಹೂಂ ಅಂತ ತಗೊಂಡ. ಈ ಊರಿನ ಅಭ್ಯಾಸವೇ ಅದು. ಇವಳ ಮದುವೆ ದಿನ ಮೂರು ಸಲ ಕೇಳಿದ್ರು, ಒಪ್ಪಿಗೆನಾ ಅಂತ. ಮೂರು ಸಲವೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಸೋದರತ್ತೆ ತೊಡೆ ಚಿವುಟಿದ್ಲು, ಇವಳು ನೋವಿಗೆ ಹಾ ಅಂದ್ಲು, ಅಷ್ಟರಲ್ಲಿ ಹೊರಗೆ ಡೋಲು ಶುರುವಾಗೇಹೋಯ್ತು.

ದಾರ ಕಟ್ಟಿಯಾದ ಮೇಲೂ ಅವಳು ಏಳಲಿಲ್ಲ. ಇರೋದಕ್ಕೆ ಅಂತಲೇ ಬಂದಿದ್ದಳು. ದುಶಂಬೆಯ ಮನೆ ಕೀಲಿ ಪಕ್ಕದವಳ ಕೈಗೆ ಕೊಟ್ಟು, ಮೆಣಸಿನ ಗಿಡ ಅವಳಿಗೇ ಕೊಟ್ಟು, ಘಾಟಿ ದಾಟಿ ತವರಿಗೆ ಬಂದಿದ್ದಳು. ಅಮ್ಮ ಕುಗ್ಗಿ ಕುಗ್ಗಿ ಒಂದು ದಿಂಬಿನಷ್ಟಾಗಿದ್ರು. ಇನ್ನೊಂದು ಚಳಿಗಾಲ ಬಂದ್ರೆ ದಿಂಬಿನ ಚೀಲಕ್ಕೇ ಹಾಕಿಟ್ಟುಬಿಡಬಹುದು. ಆ ಚಳಿಗಾಲ ಅಮ್ಮನ ಪಕ್ಕದಲ್ಲೇ ಕಳೀಬೇಕು, ಇದೊಂದೇ ಆಸೆ. ಅದಕ್ಕೆ ಹಾಶಿಮ್ ಇಟ್ಟ ಬೆಲೆ ಅವಳ ಎರಡು ಕಾಲು. ಕೊಟ್ಟುಬಿಟ್ಟರೆ ಏನಾಗುತ್ತೆ? ಈ ವಯಸ್ಸಿಗೆ ಕಾಲು ಎಷ್ಟೋ ಜನರ ಹತ್ರ ಇಲ್ಲ. ಕೊಟ್ಟು, ಬಿಳೀ ಸ್ಕಾರ್ಫ್ ಕಟ್ಟಿ, ಜಗಲಿ ಮೂಲೇಲಿ ಕೂತು ಕ್ಯಾರೆಟ್ಟು ಹೆಚ್ಚಿಕೊಂಡಿರಬಹುದು. ಬೆಳಗಿನ ಜಾವ ಅಮ್ಮ ನೀರು ಕೇಳಿದಾಗ ಬಟ್ಟಲು ಹಿಡಿದಿದ್ದಳು, ಅಮ್ಮ ಕುಡಿದು, ಬಟ್ಟಲಿನ ಅಂಚಿಂದ ಮುಖ ನೋಡಿ, "ನೀನು ಯಾರ ಮನೆ ಸೊಸೆಯೇ?" ಅಂದಿದ್ರು. "ಯಾರ ಮನೆ ಸೊಸೇನೂ ಅಲ್ಲ, ಸುಮ್ನೆ ಮಲಕ್ಕೋ" ಅಂತ ಇವಳು ಬಟ್ಟಲು ಕುಕ್ಕಿದ್ದಳು. ಬಟ್ಟಲು ಕುಕ್ಕಿದ ಸದ್ದು ಈಗಲೂ ಹಲ್ಲಿನ ಸಂದೀಲಿ ಸಿಕ್ಕಿಕೊಂಡಿತ್ತು.

"ಅಕ್ಕಾ," ಅಂದ್ಲು ಯಾರೋ ಪಿಸುಮಾತಲ್ಲಿ. ಹಾಶಿಮನ ಹೆಂಡತಿ ತುಖ್ಫಾ, ಅಡಿಗೆ ಮನೆ ಬಾಗಿಲಲ್ಲಿ, ಹಾಲು ಚಹಾದ ಸೌಟು ಹಿಡ್ಕೊಂಡು ನಿಂತಿದ್ಲು. ಇವಳ ಬೂಟನ್ನ ಹಾವು ನೋಡಿದ ಹಾಗೆ ನೋಡಿದ್ಲು. "ಹೋಗಲೇಬೇಕಾ?"

"ಕಾಲು ಕೇಳ್ತಿದೆ."

"ಹಾಗಿದ್ರೆ ಹಿತ್ತಿಲ ಕಾಲುವೆ ದಾರೀಲಿ ಹೋಗಿಬನ್ನಿ ಅಕ್ಕಾ. ಅಲ್ಲಿ ನಾಯಿ ಬಿಟ್ರೆ ಯಾರೂ ಇರಲ್ಲ. ಇವ್ರು ಬರೋದ್ರೊಳಗೆ ಬಂದ್ಬಿಡಿ. ನಾನು ನೋಡ್ಲಿಲ್ಲ, ನೀವು ಹೋಗ್ಲಿಲ್ಲ."

ಎಷ್ಟು ಸುಲಭ. ತುಖ್ಫಾ ಒಳ್ಳೇಳು, ಇಪ್ಪತ್ತು ವರ್ಷದಿಂದ ಅತ್ತೆ ಸೇವೆ ಮಾಡಿ ಮಾಡಿ ಅವಳ ಉಸಿರಿಗೂ ಸದ್ದಿಲ್ಲ. ಆದರೆ ಆ 'ನೀವು ಹೋಗ್ಲಿಲ್ಲ' ಅನ್ನೋ ಮಾತಿಗೆ ಸನವ್ಬರಳ ಮೂಗಿಗೆ ಖಾರ ಏರಿದ ಹಾಗಾಯ್ತು. "ನಾಯಿ ಜೊತೆ ಓಡೋಕೆ ನಾನೇನು ಕೋಳಿ ಕದ್ದೀದೀನೇನೇ?" ಅಂತ ಎದ್ದು, ಮುಂದಿನ ಗೇಟನ್ನೇ ತೆಗೆದಳು. ಆ ಗೇಟು ಏಳು ಕತ್ತೆ ಒಟ್ಟಿಗೆ ಅರಚಿದ ಹಾಗೆ ಕಿರುಚಿತು. ಕಿರುಚಲಿ.

ಬೀದಿ ಇನ್ನೂ ನೀಲಿಯಾಗಿತ್ತು. ಚರಂಡೀಲಿ ನೀರು ಗುಳುಗುಳು ಅಂತಿತ್ತು, ಉಪ್ಪುನೇರಳೆ ಎಲೆ ಒಂದೊಂದೇ ಬೀಳ್ತಿತ್ತು, ಯಾರದೋ ಒಲೆಯ ರೊಟ್ಟಿ ವಾಸನೆ ಗೋಡೆ ಹಾರಿ ಬಂದಿತ್ತು. ಮೊದಲ ನಾಲ್ಕು ಹೆಜ್ಜೆ ಯಾವಾಗಲೂ ಅವಮಾನ. ಮೈ ಅನ್ನೋದು ಮೂಟೆ, ಎದೆ ಒಂದು ಕಡೆ ಹೋಗುತ್ತೆ, ಸೊಂಟ ಒಂದು ಕಡೆ, ಉದ್ದ ಹೂವಿನ ಗೌನು ಮಂಡಿಗೆ ಸಿಕ್ಕಿ ನೀನ್ಯಾರೇ ನನ್ನ ಎಳೆಯೋಳು ಅಂತ ಕೇಳುತ್ತೆ. ಆಮೇಲೆ ಎಲ್ಲವೂ ರಾಜಿಯಾಗುತ್ವೆ. ಮನೆ ಮನೆ ಮುಂದೆ ಸೊಸೇರು ಕಸಬರಿಗೆ ಹಿಡಿದು ಬಗ್ಗಿದ್ರು, ಸೂರ್ಯ ಹುಟ್ಟೋಕೆ ಮುಂಚೆ ಗುಡಿಸಿ ನೀರು ಚಿಮುಕಿಸದ ಮನೆ ಸೊಸೆಗೆ ಈ ಊರಲ್ಲಿ ಮರ್ಯಾದೆ ಇಲ್ಲ. ಬಗ್ಗಿದ ಬೆನ್ನುಗಳು ಒಂದೊಂದಾಗಿ ನೆಟ್ಟಗಾದ್ವು. ಬಖ್ಮಲ್ ಮನೆ ಮುಂದೆ ಮಾತ್ರ ಬಖ್ಮಲ್ಲೇ ನಿಂತಿದ್ಲು. ಎರಡು ಗಟ್ಟಿಮುಟ್ಟಾದ ಸೊಸೇರಿದ್ರೂ ಎಪ್ಪತ್ತನೇ ವಯಸ್ಸಲ್ಲಿ ಅವಳೇ ಗುಡಿಸ್ತಾಳೆ, ಯಾಕಂದ್ರೆ ಸುದ್ದಿ ಸೊಸೇರ ಪಾಲಾಗಬಾರದು. ಒಂದು ಎಲೆಯನ್ನ ಆ ತುದಿಯಿಂದ ಈ ತುದಿಗೆ ತಳ್ಳೋಕೆ ಅವಳಿಗೆ ಒಂದು ಗಂಟೆ ಬೇಕು.

"ಸನವ್ಬರ್! ಏ ಸನವ್ಬರ್! ಏನಾಯ್ತೇ? ಯಾಕೇ ಓಡ್ತಿದೀಯಾ?"

ಇದಕ್ಕೆ ಅಂತಲೇ ಘಾಟಿ ದಾರಿ ಉದ್ದಕ್ಕೂ ಟ್ಯಾಕ್ಸೀಲಿ ಕೂತು ಐನೂರು ಜವಾಬು ತಯಾರು ಮಾಡ್ಕೊಂಡಿದ್ಲು ಸನವ್ಬರ. ಒಂದಕ್ಕಿಂತ ಒಂದು ಚೂಪು. ಈಗ ಬಾಯಿ ತೆಗೆದರೆ ಬರೀ ಉಸಿರು. ನಿಂತು ಹೇಳಬಹುದಿತ್ತು. ನಿಂತರೆ ಸೋತ ಹಾಗೆ, ಬಖ್ಮಲ್ಲಿಗೆ ಲೆಕ್ಕ ಒಪ್ಪಿಸಿದ ಹಾಗೆ. ನದಿ ಕಡೆಯಿಂದ ತಣ್ಣನೆ ಗಾಳಿ ಬಡಿದು ಎರಡೂ ಕಣ್ಣಲ್ಲಿ ನೀರು ಧಾರಾಕಾರ ಸುರೀತಿತ್ತು, ತಲೆವಸ್ತ್ರ ಜಾರಿ ಕುತ್ತಿಗೆಗೆ ಬಿದ್ದು ನರೆಗೂದಲು ಗಾಳಿಗೆ ಕೆದರಿತ್ತು. ಅವಳು ಒಂದು ಕೈ ಮೇಲೆತ್ತಿ, ಹೋಗೇ ಅತ್ಲಾಗೆ ಅನ್ನೋ ಹಾಗೆ ಗಾಳೀಲಿ ಬೀಸಿ, ಮುಂದಕ್ಕೆ ಓಡಿದಳು. ಹಿಂದೆ ಬಖ್ಮಲ್ ಕೈಯ ಕಸಬರಿಗೆ ನೆಲಕ್ಕೆ ಬಿದ್ದ ಸದ್ದಾಯ್ತು. ಬಿದ್ದುಕೊಳ್ಳಲಿ! ಬಖ್ಮಲ್ ಕಸಬರಿಗೆ ಬಿಟ್ಟಿದ್ದು ಅಂದ್ರೆ ಊರ ಇತಿಹಾಸದಲ್ಲೇ ಮೊದಲು. ಒಂದು ವರ್ಷ ಆಡ್ಕೊಳ್ಳಲಿ, ಎರಡು ವರ್ಷ ಆಡ್ಕೊಳ್ಳಲಿ, ಹಲ್ಲು ಉದುರೋವರೆಗೆ ಆಡ್ಕೊಳ್ಳಲಿ.

ತಿರುವಲ್ಲಿ ಹಳೇ ಹಮಾಮು, ಊರ ಸ್ನಾನದ ಮನೆ ಇತ್ತು, ಈಗ ಫೋನ್ ಅಂಗಡಿ. ಇದೇ ಗೋಡೆ ಪಕ್ಕ, ಓಡಿದ್ದಕ್ಕೆ, ಅಪ್ಪ ಕೆನ್ನೆಗೆ ಬಿಟ್ಟಿದ್ರು. ಬಿಸಿ ರೊಟ್ಟಿ ಎದೆಗವಚ್ಕೊಂಡು ಓಡಿ ಬರ್ತಿದ್ದ ಹತ್ತು ವರ್ಷದ ಹುಡುಗಿ, ಆರೋದ್ರೊಳಗೆ ಅಪ್ಪನಿಗೆ ಕೊಡಬೇಕು ಅಂತ ಓಡಿದ್ದು. ಅಪ್ಪ ಆ ರೊಟ್ಟಿ ತಿಂದ್ರು, ಚೆನ್ನಾಗಿದೆ ಅಂತಲೂ ಅಂದ್ರು. ಕೆನ್ನೆಯ ಬಿಸಿ ರೊಟ್ಟಿಯ ಬಿಸಿಗಿಂತ ಜಾಸ್ತಿ ಹೊತ್ತು ಇತ್ತು. ಆಮೇಲೆ ಈ ಬೀದೀಲಿ ಓಡಿದ್ದೇ ಇಲ್ಲ. ಮದುವೆ ದಿನ ಈ ಬೀದೀಲೇ ನಡೆಸ್ಕೊಂಡು ಹೋದ್ರು, ಎರಡೂ ಕಡೆ ಹೆಂಗಸರು ತೋಳು ಹಿಡ್ಕೊಂಡು, "ಮೆಲ್ಲಗೆ, ಇನ್ನೂ ಮೆಲ್ಲಗೆ, ಗಂಡನ ಮನೆಗೆ ಆತುರ ಅಂತಾರೆ." ಮೆಲ್ಲಗೆ ಅಂದ್ರೆ ಎಷ್ಟು ಮೆಲ್ಲಗೆ, ಆಮೆ ದಾಟ್ಕೊಂಡು ಹೋಗಿ ತಿರುಗಿ ನೋಡಿರಬೇಕು. ಗಂಡ ಉಬೈದ್ ಕೆಟ್ಟವನಲ್ಲ. ಬಸ್ ಓಡಿಸ್ತಿದ್ದ, ಹಾಗಾಗಿ ಮನೇಲಿ ಓಡೋ ಕೆಲಸ ಎಲ್ಲ ತನ್ನದೇ ಅಂತ ತಿಳ್ಕೊಂಡಿದ್ದ.

ಪೇಟೆ ಕಡೆ ತಿರುಗಿದಾಗ ಯಾರದೋ ಮದುವೆಯ ಬೆಳಗಿನ ಪಲಾವು ನಡೀತಿತ್ತು. ಗೇಟಿನ ಮುಂದೆ ಉದ್ದುದ್ದ ಕಹಳೆ ಹಿಡಿದೋರು, ಸಾಲಾಗಿ ನಿಂತ ಗಂಡಸರು, ಎಲ್ಲರೂ ಮಡಿಕೆ ಮುರಿಯದ ಅಂಗಿಯೋರು. ಗಂಡಸರ ಊಟ, ಹೆಂಗಸರು ಆ ಹೊತ್ತಿಗೆ ಆ ಬೀದಿಗೇ ಹೋಗಲ್ಲ. ಸುತ್ತಿಕೊಂಡು ಹೋಗಬಹುದಿತ್ತು. ಕಾಲು ಸುತ್ತಲಿಲ್ಲ. ಅವಳು ಗದ್ದ ಮೇಲೆತ್ತಿ, ಬೆವರು ಒರೆಸದೆ, ನೇರ ಅವರ ಮಧ್ಯೆ ಓಡಿದಳು. ನಗಲಿ, ಒಬ್ಬನಾದ್ರೂ ಹಲ್ಲು ಬಿಡಲಿ, ಆ ಹಲ್ಲಿನ ಜಾತಕ ಇಲ್ಲೇ ಹೇಳ್ತೀನಿ ಅಂತ ಕಾಯ್ತಿದ್ಲು. ಯಾರೂ ನಗಲಿಲ್ಲ. ಕಹಳೆಯೋನು ತುಟಿಗೆ ಇಟ್ಟಿದ್ದನ್ನ ಕೆಳಗಿಳಿಸಿದ. ಸಾಲು ಎರಡಾಗಿ ದಾರಿ ಬಿಟ್ಟಿತು. ಒಬ್ಬರ ಹಿಂದೆ ಒಬ್ಬರು ಎದೆ ಮೇಲೆ ಕೈ ಇಟ್ಟು ತಲೆ ಬಗ್ಗಿಸಿದ್ರು. ಬಿಳೀ ಗಡ್ಡದೋರೊಬ್ಬರು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಹೇಳ್ತಾ ಮುಖ ಸವರಿಕೊಂಡ್ರು. ಸನವ್ಬರಂಗೆ ಏನೂ ಅರ್ಥವಾಗಲಿಲ್ಲ. ಅಣಕವಾ? ಇಷ್ಟು ಜನ ಒಟ್ಟಿಗೆ ಇಷ್ಟು ಚೆನ್ನಾಗಿ ಅಣಕ ಮಾಡೋಕೆ ಸಾಧ್ಯವಾ? ಮುಂದೆ ನಾಲ್ಕು ರಸ್ತೆ ಕೂಡೋ ಕಡೆ ಪೊಲೀಸಿನವನು ಕೋಲು ಎತ್ತಿ ಎರಡೂ ಕಡೆ ಕಾರುಗಳನ್ನ ನಿಲ್ಲಿಸಿಬಿಟ್ಟ, ಇವಳೊಬ್ಬಳಿಗೋಸ್ಕರ, ಅಧ್ಯಕ್ಷರು ಬಂದ ಹಾಗೆ. ಆಗ ಅವಳ ಎದೆ ಒಳಗೆ ಏನೋ ಉಬ್ಬಿತು. ಊರು ಬದಲಾಗಿದೆ! ಹಾಶಿಮ್‌ಗೆ ಮಾತ್ರ ಗೊತ್ತಿಲ್ಲ, ಅವನು ಹಾಸಿಗೆ ರಾಶಿಯ ಹಿಂದೆ ಕೂತು ಕೂತು ಕಾಲ ಹೋಗಿದ್ದೇ ನೋಡಿಲ್ಲ. ಅರವತ್ತು ದಾಟಿದ ಹೆಂಗಸು ಓಡಿದ್ರೆ ಗಂಡಸರು ಬಗ್ಗಿ ನಮಸ್ಕಾರ ಮಾಡ್ತಾರೆ, ಬಾ ಅಪ್ಪಾ ಹಾಶಿಮ್, ಬಂದು ನೋಡು!

ಸೇತುವೆ ಹತ್ರ ನದಿ ಅಗಲವಾಗಿ, ಸೀಸದ ಬಣ್ಣಕ್ಕೆ, ಯಾರ ಮಾತೂ ಕೇಳದೆ ಹೋಗ್ತಿತ್ತು. ಕಂಬಿ ಹಿಡಿದು ನಿಂತಳು. ಕಾಲು ಮಾತ್ರ ಇನ್ನೂ ಓಡ್ತಾನೇ ಇತ್ತು, ಒಳಗೊಳಗೇ. ದುಶಂಬೆಲಿ ಉಬೈದ್ ತೀರ್ಕೊಂಡಾಗ ಜನಾಜಾ ಎತ್ತಿದ ಗಂಡಸರು ಓಡಿದ ಹಾಗೇ ಹೋದ್ರು, ಹೆಗಲಿಂದ ಹೆಗಲಿಗೆ, ಹಸಿರು ಹೊದಿಕೆ ಬಸ್ಸು ತಿರುಗಿದ ಹಾಗೆ ಮೂಲೇಲಿ ತಿರುಗಿಹೋಯ್ತು. ಹೆಂಗಸರಿಗೆ ಗೇಟಿನವರೆಗೇ ದಾರಿ. ಮೂವತ್ತೇಳು ವರ್ಷ ಪಕ್ಕದಲ್ಲಿ ಮಲಗಿದೋಳು ಗೇಟಲ್ಲಿ ನಿಲ್ಲಬೇಕು, ಅವನ ಬಸ್ಸಿಗೆ ಒಂದು ಸಲ ಟಿಕೆಟ್ ತಗೊಂಡೋರೆಲ್ಲ ಗುಂಡಿಯವರೆಗೆ ಹೋಗಬಹುದು. ಆಗ ಪಾದ ತಾನಾಗೇ ಎದ್ದಿತ್ತು, ಚಪ್ಪಲಿ ಬಿಟ್ಟು. ನಾಲ್ಕು ಜನ ಭುಜ ಒತ್ತಿದ್ರು. ಕೂತ್ಕೋ, ಕೂತ್ಕೋ. ಕೂತಳು. ಒಂದು ವರ್ಷ ಕೂತಳು, ಕೂತ ಹಾಸಿಗೇಲಿ ಅವಳ ಆಕಾರದ ಹಳ್ಳ ಬಿತ್ತು, ಅದರಲ್ಲಿ ಮಳೆ ನೀರು ನಿಂತ್ರೆ ಮೀನು ಸಾಕಬಹುದಿತ್ತು. ವರ್ಷ ಕಳೆದು ಒಂದು ದಿನ ಮಾರುಕಟ್ಟೆಗೆ ಹೊರಟಾಗ ಬಸ್ಸು ತಪ್ಪಿಹೋಗ್ತಿತ್ತು, ಹಿಡಿಯೋಕೆ ಓಡಿದಳು, ಬಸ್ಸು ಅವಳಿಗೋಸ್ಕರ ನಿಂತಿತು, ಅವಳು ನಿಲ್ಲಲಿಲ್ಲ. ಬಸ್ಸನ್ನೇ ದಾಟಿಕೊಂಡು ಮುಂದಿನ ಸ್ಟಾಪಿನವರೆಗೆ ಹೋದಳು. ಡ್ರೈವರ್ ಉಬೈದನ ಗೆಳೆಯ, ಹಾರ್ನ್ ಹೊಡೀತಾ ಪಕ್ಕದಲ್ಲೇ ಬಂದ: "ಅತ್ತಿಗೇ, ಹತ್ತಿ! ಅತ್ತಿಗೇ, ನಾನೇನು ತಪ್ಪು ಮಾಡ್ದೆ?"

ನೆನೆಸ್ಕೊಂಡು ಒಬ್ಬಳೇ ನಕ್ಕಳು. ನಗುವಾಗಲೇ ಬಟ್ಟಲು ಮತ್ತೆ ಕುಕ್ಕಿತು. ಯಾರ ಮನೆ ಸೊಸೆಯೇ. ಪಾಪ, ಅಮ್ಮ ಏನು ತಪ್ಪು ಕೇಳಿದ್ರು? ಮನೇಲಿ ನೀರು ಕೊಡೋರೆಲ್ಲ ಸೊಸೇರೇ. ನಿನ್ನ ಮಗಳು ಅಂತ ಹೇಳಿದ್ರೆ ನಾಲಿಗೆ ಸವೀತಿತ್ತಾ? ಹೋಗಿ ಹೇಳಬೇಕು. ಹೋಗಿ, ಹಾಲು ಚಹಾಕ್ಕೆ ರೊಟ್ಟಿ ಮುರಿದು ಹಾಕಿ, ಬೆಣ್ಣೆ ತೇಲಿಸಿ, ಬಾಯಿಗಿಟ್ಟು ಹೇಳಬೇಕು. ತಿರುಗಿದಳು.

ಪೇಟೆಯ ದೊಡ್ಡ ಗೇಟಿನ ಹತ್ರ ಬಂದಾಗ ದೂರದಲ್ಲಿ, ಮಸೀದಿ ಕಡೆಯಿಂದ, ಇನ್ನೊಬ್ಬರು ಓಡಿ ಬರ್ತಿರೋದು ಕಾಣಿಸ್ತು. ಗಂಡಸು. ಒಳ್ಳೇ ದಪ್ಪ. ನಿಲುವಂಗಿ ಎರಡೂ ಕಡೆ ರೆಕ್ಕೆ ಹಾಗೆ ಹರಡಿ, ಹೊಟ್ಟೆ ಮುಂದೆ ಮುಂದೆ ಹೋಗಿ ಮೈಯನ್ನ ಕರೀತಿತ್ತು, ಪ್ರವಾಹದಲ್ಲಿ ಸುರುಳಿ ಹಾಸಿಗೆ ಉರುಳ್ಕೊಂಡು ಹೋದ ಹಾಗೆ. ಒಂದು ಕಾಲಲ್ಲಿ ರಬ್ಬರಿನ ಮೇಲ್ಜೋಡು ಗಲೋಶು, ಇನ್ನೊಂದು ಬರಿಗಾಲು. ಅಯ್ಯೋ, ನನ್ನ ನೋಡಿ ಇವನಿಗೂ ಹುಚ್ಚು ಹಿಡೀತಪ್ಪ, ನಾಳೆ ಹೊತ್ತಿಗೆ ಊರೇ ಓಡುತ್ತೆ ಅಂತ ಹೊಟ್ಟೆ ತುಂಬ ನಕ್ಕಳು. ಅವನು ಹತ್ರ ಆದ. ಹಾಶಿಮ್.

ಹಾಶಿಮ್ ಓಡೋನಲ್ಲ. ಭೂಮಿ ನಡುಗಿ ಅಡಿಗೆ ಮನೆ ಮಾಡು ಬಿದ್ದಾಗ ಗಲೋಶು ಹುಡುಕಿ, ಬಲಗಾಲಿಗೆ ಬಲದ್ದು ಎಡಗಾಲಿಗೆ ಎಡದ್ದು ಹಾಕ್ಕೊಂಡು ಹೊರಗೆ ಬಂದವನು. ಅವನು ಬರಿಗಾಲಲ್ಲಿ, ಟೋಪಿ ಇಲ್ಲದೆ, ಮನೆ ಕಡೆ ಮುಖ ಮಾಡಿ ಓಡ್ತಿದಾನೆ ಅಂದ್ರೆ ಅದಕ್ಕೆ ಒಂದೇ ಅರ್ಥ. ಅಮ್ಮ. ಅಮ್ಮ ಹೋದ್ರು. ನಾನು ಇಲ್ಲಿ ಕಂಬಿ ಹಿಡ್ಕೊಂಡು ನಗ್ತಿದ್ದಾಗ ಅಮ್ಮ ಹೋದ್ರು. ಸುಮ್ನೆ ಮಲಕ್ಕೋ ಅಂದೆ, ಮಲಗಿಬಿಟ್ರು. ಕಾಲು ಯಾವಾಗ ವೇಗ ಹಿಡೀತೋ ಅವಳಿಗೆ ಗೊತ್ತಾಗಲಿಲ್ಲ. ಚರಂಡಿ ದಾಟಿದ್ದು, ಗೋಣಿ ಇಳಿಸ್ತಿದ್ದ ಗಾಡಿ ದಾಟಿದ್ದು ಗೊತ್ತಾಗಲಿಲ್ಲ. ಹಾಶಿಮನ ಪಕ್ಕಕ್ಕೆ ಬಂದಾಗ ಅವನು ತಿರುಗಿ ನೋಡಿ ಬಾಯಿ ಅಗಲಿಸಿ ಹೋ ಅಂತ ಅತ್ತ.

"ಅಕ್ಕಾ! ಕಣ್ಣು ಮುಚ್ಚಿದ್ಯಾ ಅಮ್ಮಂದು?"

"ನಾನಿರ್ಲಿಲ್ಲ ಕಣೋ! ನಾನು ಹತ್ರ ಇರ್ಲಿಲ್ಲ!"

"ಯಾರೂ ಇರ್ಲಿಲ್ವಾ?"

"ತುಖ್ಫಾ ಇದ್ಲು. ತುಖ್ಫಾ ಇರ್ತಾಳೆ."

"ನೀರಾದ್ರೂ ಕುಡಿದ್ರಾ?"

"ಕೊಟ್ಟೆ. ಕೊಟ್ಟೆ ಕಣೋ, ಬಟ್ಟಲು ಕುಕ್ಕಿ ಕೊಟ್ಟೆ."

ಅವನಿಗೆ ಅದು ಅರ್ಥವಾಗಲಿಲ್ಲ, ಅರ್ಥ ಮಾಡ್ಕೊಳ್ಳೋ ಉಸಿರೂ ಅವನಲ್ಲಿರಲಿಲ್ಲ. ಒಂದು ಕಡೆ ಎಡವಿದ. ಅವಳು ಅವನ ಕೈ ಹಿಡಿದು ಎಳೆದಳು, ಆರು ವರ್ಷದ ಹಾಶಿಮ್‌ನನ್ನ ಹಿಂದೊಮ್ಮೆ ಕಾಲುವೆಯಿಂದ ಎಳೆದ ಹಾಗೆ, ಅದೇ ಬೆವರಿದ ಅಂಗೈ. "ಉಸಿರು ಮೂಗಲ್ಲಿ ಎಳ್ಕೋ, ಬಾಯಲ್ಲಿ ಬಿಡು, ಪೆದ್ದ!" ಇಬ್ಬರೂ ಅಳ್ತಾ ಓಡಿದ್ರು. ಪೊಲೀಸಿನವನು ಮತ್ತೆ ಕಾರು ನಿಲ್ಲಿಸಿದ. ಕಹಳೆ ಮನೆಯೋರು ಮತ್ತೆ ಎದೆ ಮೇಲೆ ಕೈ ಇಟ್ರು. ಈ ಸಲ ಆ ಕೈಗಳ ಅರ್ಥ ಅವಳಿಗೆ ಆಯ್ತು. ಇಡೀ ಊರಿಗೆ ಅವಳಿಗಿಂತ ಮೊದಲೇ ಗೊತ್ತಿತ್ತು, ಅವಳೊಬ್ಬಳಿಗೇ ಗೊತ್ತಿರಲಿಲ್ಲ. ನಮಸ್ಕಾರ ಅಂತ ಎದೆ ಉಬ್ಬಿಸ್ಕೊಂಡಿದ್ಲಲ್ಲ. ಥೂ ನಿನ್ನ ಎದೆಗೆ!

ಮನೆ ಗೇಟಿನ ಮುಂದೆ ಗಂಡಸರು ಆಗಲೇ ಸೇರಿದ್ರು. ನಿಲುವಂಗಿ ಮೇಲೆ ನಡುಪಟ್ಟಿ ಬಿಗಿದು, ಕೋಲು ಊರ್ಕೊಂಡು, ಸಾವಿನ ಮನೆ ಮುಂದೆ ನಿಲ್ಲೋ ಹಾಗೆ ಸಾಲಾಗಿ. ಮುಂದೆ ನೋರ್ಮತ್ ಅಜ್ಜ, ಬಖ್ಮಲ್ ಗಂಡ, ಬೀದಿಗೆಲ್ಲ ಹಿರಿಯ. ಅವರೇ ಮಸೀದಿಗೆ ಸುದ್ದಿ ಮುಟ್ಟಿಸಿದ್ದು. ಹಾಶಿಮ್ ಬಂದದ್ದೇ ತಡ, ಯಾರೋ ಅವನ ಸೊಂಟಕ್ಕೂ ಪಟ್ಟಿ ಸುತ್ತಿದ್ರು, ಸುತ್ತೋಕೆ ಒಂದು ಸಾಲದೆ ಇನ್ನೊಂದು ಗಂಟು ಹಾಕಿದ್ರು, ಕೈಗೆ ಕೋಲು ಕೊಟ್ರು. "ಅಯ್ಯೋ ನನ್ನಮ್ಮಾ!" ಅಂತ ಅವನು ಕೋಲಿನ ಮೇಲೆ ಮುರ್ಕೊಂಡ. ಅಂಗಳದಲ್ಲಿ ಸಾವಿಗೆ ಉಡೋ ನೀಲಿ ಬಟ್ಟೆಯ ಹೆಂಗಸರು. ಮಧ್ಯೆ ಬಖ್ಮಲ್, ಜಡೆ ಬಿಚ್ಚಿ, ತೊಡೆ ಬಡ್ಕೊಂಡು, "ನಿನ್ನ ಕೈ ರೊಟ್ಟಿ ತಿಂದು ಬೆಳೆದ್ವಲ್ಲೇ ತಾಯೀ! ನಿನ್ನ ನೆರಳಲ್ಲಿ ಕೂತ್ವಲ್ಲೇ ತಾಯೀ!" ಅಂತ ರಾಗ ಎಳೀತಿದ್ಲು. ಹಿತ್ತಿಲ ಗೋಡೆ ವಿಷಯಕ್ಕೆ ಅಮ್ಮನ ಜೊತೆ ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು ಅವಳಿಗೆ. ತುಖ್ಫಾ ಅಡಿಗೆ ಮನೆ ಕಂಬಕ್ಕೆ ಒರಗಿ, ಸೌಟು ಎದೆಗೆ ಒತ್ಕೊಂಡು, ಬಿಳುಚಿಕೊಂಡು ನಿಂತಿದ್ಲು.

"ಯಾವಾಗ ಹೋದ್ರು ತುಖ್ಫಾ?"

"ನಂಗೊತ್ತಿಲ್ಲ ಅಕ್ಕಾ! ನಾನು ಚಹಾ ತಿರುಗಿಸ್ತಿದ್ದೆ, ಇವ್ರೆಲ್ಲ ಅಳ್ತಾ ಬಂದ್ರು. ನಾನಿದ್ದೂ ಗೊತ್ತಾಗ್ಲಿಲ್ವಲ್ಲ ಅಕ್ಕಾ, ಒಳಗೆ ಹೋಗೋಕೆ ಕಾಲು ಬರ್ಲಿಲ್ಲ!"

ಸನವ್ಬರ ಅವಳನ್ನೇ ನೋಡಿದಳು. ಆಮೇಲೆ ಬಖ್ಮಲನ್ನ. ಆಮೇಲೆ ಮುಚ್ಚಿದ ಕೋಣೆ ಬಾಗಿಲನ್ನ. "ಒಳಗೆ ಹೋಗಿ ಯಾರು ನೋಡಿದ್ರಿ?" ಅಂದ್ಲು. ರಾಗ ನಿಂತಿತು. ಯಾರೂ ನೋಡಿರಲಿಲ್ಲ. ಇಷ್ಟು ಜನ, ಇಷ್ಟು ಕಣ್ಣೀರು, ಒಬ್ಬರೂ ಬಾಗಿಲು ತೆಗೆದಿರಲಿಲ್ಲ.

ಅವಳೇ ತೆಗೆದಳು. ಅಮ್ಮ ಗೋಡೆಗೆ ಒರಗಿ, ಹೊದಿಕೆ ಮೂಗಿನವರೆಗೆ ಎಳ್ಕೊಂಡು, ಕಣ್ಣು ಪಿಳಿಪಿಳಿ ಮಾಡ್ತಾ ಕೂತಿದ್ರು.

"ಬಾಗಿಲು ಹಾಕೇ, ಚಳಿ. ಯಾರು ಸತ್ತಿದ್ದು?"

ಸನವ್ಬರ ಒಳಗೆ ಬಂದು ಬಾಗಿಲು ಹಾಕಿದಳು.

"ಬಖ್ಮಲ್ ಗಂಟಲು ಅದು. ಅವಳ ಗಂಡನಾ?"

"ನೀನಮ್ಮಾ."

"ನಾನಾ?" ಅಮ್ಮ ಹೊದಿಕೆ ಒಳಗೇ ಕೈಕಾಲು ಆಡಿಸಿ ನೋಡ್ಕೊಂಡ್ರು. "ಯಾರು ಹೇಳಿದ್ದು?"

ಸನವ್ಬರ ಅಮ್ಮನ ಕಾಲ ಮೇಲೆ ಬಿದ್ದಳು. ನಗ್ತಿದೀನಾ ಅಳ್ತಿದೀನಾ ಅವಳಿಗೇ ತಿಳೀಲಿಲ್ಲ. ಅಮ್ಮನ ಒಣ ಬೆರಳು ಅವಳ ಒದ್ದೆ ಕೂದಲಲ್ಲಿ ಆಡಿ, ಕಿವಿ ಸಿಕ್ಕಿ, ಕಿವಿ ಹಿಂದಿನ ಹಳೇ ಗಾಯದ ಗುರುತು ಸಿಕ್ಕಿ, ಅಲ್ಲೇ ನಿಂತ್ವು. "ಸನವ್ಬರ್," ಅಂದ್ರು ಅಮ್ಮ. "ಬೆವರು ನಾರ್ತಿದೀಯ. ಎಲ್ಲಿ ಹಾಳಾಗಿಹೋಗಿದ್ದೆ?"

"ಓಡೋಕೆ."

"ಯಾರು ಅಟ್ಟಿಸ್ಕೊಂಡು ಬಂದ್ರು?"

"ಯಾರೂ ಇಲ್ಲ."

"ಹಾಗಿದ್ರೆ ಒಳ್ಳೇದು. ನನ್ನ ಎತ್ತು, ನಾನೂ ನೋಡ್ತೀನಿ."

ತುಖ್ಫಾ, ಸನವ್ಬರ ಇಬ್ಬರೂ ಸೇರಿ ಹೊದಿಕೆ ಸಮೇತ ಜಗಲಿಗೆ ಎತ್ತಿ ತಂದಾಗ ಅಂಗಳದಲ್ಲಿ ಯಾರೋ ಕಿಟಾರಂತ ಕಿರುಚಿದ್ರು. ಗೇಟಿನ ಗಂಡಸರು ಒಳಗೆ ನುಗ್ಗಿದ್ರು. ಅಮ್ಮ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದ್ರು, ಯಾರ ಕಣ್ಣು ಒಣಗಿದೆ ಅಂತ. "ಯಾಕೆ ನಿಲ್ಲಿಸಿದ್ಯೇ ಬಖ್ಮಲ್? ಚೆನ್ನಾಗಿ ಅಳ್ತಿದ್ದೆ. ನನ್ನ ರೊಟ್ಟಿ ಹೊಗಳ್ತಿದ್ದೆಯಲ್ಲ, ಅಲ್ಲಿಂದ ಹೇಳು."

ಬಖ್ಮಲ್ ಕೆಂಪಾಗಿ ಜಡೆ ಹೆಣೆಯೋಕೆ ಶುರುಮಾಡಿದ್ಲು. "ನಂದೇನು ತಪ್ಪು? ತಲೆವಸ್ತ್ರ ಬಿಟ್ಟು, ಕಣ್ಣಲ್ಲಿ ನೀರು ಸುರಿಸ್ಕೊಂಡು ಹೆತ್ತ ಮಗಳು ಬೀದೀಲಿ ಓಡ್ತಾಳೆ, ಏನೇ ಅಂದ್ರೆ ಕೈ ಬೀಸ್ತಾಳೆ. ಏನಂದ್ಕೋಬೇಕು?"

"ನಿಜ," ಅಂದ್ರು ನೋರ್ಮತ್ ಅಜ್ಜ. "ಸಾವು ಬಿಟ್ಟು ಇನ್ಯಾವುದಕ್ಕೆ ಹೆಂಗಸು ಓಡಿದ್ದನ್ನ ನಾವು ನೋಡೀದೀವಿ?" ಹೌದು ಹೌದು ಅಂತ ಎಲ್ಲ ತಲೆ ಆಡಿದ್ವು.

ಹಾಶಿಮ್ ಅಮ್ಮನ ಕಾಲು ಹಿಡ್ಕೊಂಡು ಅಳ್ತಿದ್ದವನು ಎದ್ದ. ಸಂತೋಷ ಅವನ ಮುಖದಿಂದ ಇಳಿದು, ಅದರ ಜಾಗಕ್ಕೆ ಪೇಟೆ, ಗಿರಾಕಿ, ನಾಳೆ ಬೆಳಗ್ಗೆ ಎಲ್ಲ ಬಂದು ಕೂತದ್ದು ಸನವ್ಬರಂಗೆ ಕಾಣಿಸ್ತು. "ನೋಡಿದ್ಯಾ ಅಕ್ಕ? ಸಾಕಾ? ಬದುಕಿರೋ ಅಮ್ಮನ್ನ ಸಾಯಿಸಿದೆ. ನನ್ನ ಊರ ಮುಂದೆ ಬರಿಗಾಲಲ್ಲಿ ಓಡಿಸಿದೆ. ಹೇಳಿರ್ಲಿಲ್ವಾ ನಾನು? ಮಧ್ಯಾಹ್ನ ಟ್ಯಾಕ್ಸಿ. ಇಲ್ಲಾಂದ್ರೆ ಇಲ್ಲೇ, ಇವರೆಲ್ಲರ ಮುಂದೆ ಹೇಳು, ಇನ್ನು ಓಡಲ್ಲ ಅಂತ."

ಬೆವರು ಆರಿ ಬೆನ್ನು ತಣ್ಣಗಾಗ್ತಿತ್ತು. ಎಲ್ಲರೂ ಅವಳ ಬೂಟು ನೋಡ್ತಿದ್ರು. ಬೂಟಿನ ಮೇಲೆ ಅರ್ಧ ಊರಿನ ಕೆಸರಿತ್ತು. ಹೇಳಿಬಿಡೋದು ಸುಲಭ. ನಾಲಿಗೆ ತುದಿಗೆ ಬಂದೂ ಇತ್ತು: ತಪ್ಪಾಯ್ತು, ಇನ್ನು ಓಡಲ್ಲ. ಒಂದು ಮಾತು, ಅಮ್ಮನ ಪಕ್ಕದಲ್ಲಿ ಒಂದು ಚಳಿಗಾಲ. ಸುಮ್ಮನಿದ್ರೂ ಸಾಕು, ಅದನ್ನೇ ಹೂಂ ಅಂತ ತಗೊಳ್ತಾರೆ. ಅದು ಹೊಳೆದದ್ದೇ ತಡ, ಸುಮ್ಮನಿರೋಕೆ ಆಗಲಿಲ್ಲ.

"ಓಡ್ತೀನಿ," ಅಂದ್ಲು. "ನಾಳೇನೂ ಓಡ್ತೀನಿ, ನಾಡಿದ್ದೂ ಓಡ್ತೀನಿ. ಮುಂದಿನ ಬೀದೀಲೇ. ಒಂದಿನ ಓಡಿದ್ದಕ್ಕೆ ತಾನೇ ನಿಮಗೆ ಗಾಬರಿಯಾಗಿದ್ದು? ದಿನಾ ಓಡಿದ್ರೆ ಆಗಲ್ಲ. ನಾನು ಓಡ್ತಿರೋದು ಕಂಡ್ರೆ ಅಮ್ಮ ಚೆನ್ನಾಗಿದಾರೆ ಅಂತ ತಿಳ್ಕೊಳ್ಳಿ, ನಿಮ್ಮ ನಿಮ್ಮ ಕಸ ಗುಡಿಸ್ಕೊಳ್ಳಿ. ಯಾವತ್ತು ನಾನು ಓಡಲ್ವೋ ಅವತ್ತು ಪಟ್ಟಿ ಕಟ್ಕೊಂಡು ಬನ್ನಿ."

"ನಿಂಗೇ ಜ್ವರ ಬಂದ್ರೆ?" ಹಾಶಿಮ್ ಸಿಕ್ಕಿಸಿದೆ ಅನ್ನೋ ಹಾಗೆ ಕೇಳಿದ.

"ಅವತ್ತು ನೀನು ಓಡು. ನೋಡಿದ್ರಲ್ಲ ಎಲ್ಲರೂ, ಓಡೋಕೆ ಬರುತ್ತೆ ಅವನಿಗೆ."

ಹೆಂಗಸರ ಮಧ್ಯೆ ಯಾರೋ ಕಿಸಕ್ ಅಂದ್ರು. ತುಖ್ಫಾ. ಸೌಟಿಂದ ಬಾಯಿ ಮುಚ್ಕೊಂಡ್ಲು, ಆದ್ರೆ ನಗು ಪಕ್ಕದವಳಿಗೆ ಅಂಟಿಯಾಗಿತ್ತು.

"ಯೋಚನೆ ಮಾಡಿ ಹೇಳ್ತೀನಿ," ಅಂದ ಹಾಶಿಮ್, ಯಾರ ಮುಖವನ್ನೂ ನೋಡದ ಹಾಗೆ.

"ಯೋಚನೆ ಮಾಡು. ನಾನು ಕೇಳ್ತಿಲ್ಲ, ಹೇಳ್ತಿದೀನಿ."

ಎಲ್ಲರೂ ನೋರ್ಮತ್ ಅಜ್ಜನ ಕಡೆ ತಿರುಗಿದ್ರು. ಅಜ್ಜ ಜಗಲಿ ಮೇಲಿನ ಅಮ್ಮನನ್ನ ನೋಡಿದ್ರು, ಸನವ್ಬರಳನ್ನ ನೋಡಿದ್ರು. ಆಮೇಲೆ ಕೋಲನ್ನ ಕಂಕುಳಿಗೆ ಸಿಕ್ಕಿಸಿ, ತಮ್ಮ ಸೊಂಟದ ಪಟ್ಟಿಯ ಗಂಟು ಬಿಚ್ಚೋಕೆ ಶುರುಮಾಡಿದ್ರು. ಬಿಚ್ಚಿ, ಎರಡು ಮಡಿಕೆ ಮಾಡಿ, ಮತ್ತೆರಡು ಮಡಿಕೆ ಮಾಡಿ, ಜೇಬಿಗೆ ತುರುಕಿದ್ರು.

"ಸರಿ ಹಾಗಾದ್ರೆ," ಅಂದ್ರು. "ಓಡದಿದ್ದ ದಿನ ಬರ್ತೀವಿ."

ಒಬ್ಬೊಬ್ಬರಾಗಿ ಉಳಿದ ಗಂಡಸರೂ ಬಿಚ್ಚಿದ್ರು. ಹಾಶಿಮ್‌ನದ್ದು ಎರಡು ಗಂಟು, ಬೆವರಿಗೆ ಬಿಗಿದುಹೋಗಿತ್ತು. ಅವನು ಹೊಟ್ಟೆ ಒಳಕ್ಕೆಳ್ಕೊಂಡು ಎಳೆದ, ಬರಲಿಲ್ಲ. ಇನ್ನೊಂದು ಸಲ ಎಳೆದ. ಸನವ್ಬರ ನೋಡ್ತಾ ನಿಂತಿದ್ಲು. ಅವನು ಕೇಳೋವರೆಗೂ ಕೈ ಹಾಕಬಾರದು ಅಂತ.

"ಅಕ್ಕ," ಅಂದ ಕೊನೆಗೆ, ನೆಲ ನೋಡ್ತಾ. "ಇದನ್ನ ಸ್ವಲ್ಪ ಬಿಚ್ಚು."